ಮೈಗೆ ಬಿದ್ದ ಗಾಳ

ಹೊಳೆಬದಿ ಪ್ರಶ್ನೋತ್ತರ

ಈ ಅಂಕಣವನ್ನು ಹೊಸದಾಗಿ ಓದುವವರಿಗೆ ನನ್ನ ಪರಿಚಯ ಎರಡು ಸಾಲಲ್ಲಿ. ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್ ಆಗಿದ್ದವನು ನಾನು. ರೈಟರ್ ಅಂದರೆ ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು. ಬೆಳಗ್ಗೆ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಹಾಕಿ, ಕೆಲಸ ಹಂಚಿ, ಸಂಜೆ ಲೆಕ್ಕ ಒಪ್ಪಿಸಿದ ಮೇಲೆ ಕಾವೇರಿ ನನ್ನದು.

ಕಳೆದ ಸಂಚಿಕೆಯಲ್ಲಿ ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಕಟ್ಟುವುದನ್ನು ವಿವರಿಸುತ್ತಾ, ಬಾಯಿಗೆ ಬೀಳದೆ ಬೆನ್ನಿಗೋ ಹೊಟ್ಟೆಗೋ ಬಾಲಕ್ಕೋ ಗಾಳ ಚುಚ್ಚಿಸಿಕೊಂಡು ಬರುವ ಮೀನಿನ ವಿಷಯವನ್ನು ಒಂದೇ ಸಾಲಲ್ಲಿ ದಾಟಿಸಿಬಿಟ್ಟಿದ್ದೆ. ರಾಗಿ ಉಂಡೆಯ ಬಗ್ಗೆ ಒಂದೂ ಪತ್ರ ಬರಲಿಲ್ಲ. ಬಂದದ್ದೆಲ್ಲ ಆ ಒಂದು ಸಾಲಿಗೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಇಂಥದ್ದನ್ನು ನಾನು ‘ಮೈಗಾಳ’ ಅನ್ನುತ್ತೇನೆ. ನಿಮ್ಮ ಊರಲ್ಲಿ ಬೇರೆ ಹೆಸರಿದ್ದರೆ ಬರೆದು ಕಳಿಸಿ.

ಪ್ರಶ್ನೆ: ಬೇತ್ರಿ ಸೇತುವೆಗಿಂತ ಸ್ವಲ್ಪ ಮೇಲೆ, ನಮ್ಮ ತೋಟದ ಕೆಳಗಿನ ಹೊಳೆಯಲ್ಲಿ ನನ್ನ ಮಗ (14 ವರ್ಷ) ಸ್ಪಿನ್ನರ್ (ನೀರಲ್ಲಿ ಗಿರಗಿರ ತಿರುಗುವ ಲೋಹದ ಹುಸಿ ಎರೆ) ಎಸೆಯುತ್ತಿದ್ದ. ಮೂರು ಕೆಜಿ ತೂಗುವಂಥ ಬಿಳಿ ಮೀನಿನ (ಮಹಶೀರ್) ಪಕ್ಕೆಗೆ, ಬೆನ್ನಿನ ಈಜುರೆಕ್ಕೆಯ ಕೆಳಗೆ ಗಾಳ ಸಿಕ್ಕಿತು. ದಡಕ್ಕೆ ತರಲು ಇಪ್ಪತ್ತು ನಿಮಿಷ ಬೇಕಾಯಿತು. ಬಂಡೆಯ ಮೇಲೆ ಮಲಗಿಸಿ, ಟವೆಲಿನಲ್ಲಿ ಅದುಮಿ ಹಿಡಿದು ಇಕ್ಕಳದಿಂದ ಗಾಳ ಕಿತ್ತೆ. ಮನೆಯಿಂದ ಅರಿಶಿನ ತರಿಸಿ ಗಾಯಕ್ಕೆ ಹಚ್ಚಿದೆವು. ನೀರಿಗೆ ಬಿಟ್ಟರೆ ನಾಲ್ಕು ಮಾರು ಹೋಗಿ ಹೊಟ್ಟೆ ಮೇಲಾಯಿತು. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾವು ಮಾಡಿದ ತಪ್ಪೇನು?
— ಓದುಗರು, ಮೂರ್ನಾಡು

ಉತ್ತರ: ಮೊದಲು ಹುಡುಗನಿಗೆ ಹೇಳಿ, ತಪ್ಪು ಅವನದಲ್ಲ ಅಂತ. ಸ್ಪಿನ್ನರಿನ ಹಿಂದೆ ಬಂದ ಮೀನು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ತಿರುಗಿದರೆ ಗಾಳ ಪಕ್ಕೆಗೇ ಬೀಳುವುದು. ಎಂಥ ಪಳಗಿದ ಕೈಗೂ ಅದು ಆಗುತ್ತದೆ. ಇನ್ನು ತಪ್ಪಿನ ವಿಷಯ. ನಿಮ್ಮದು ಒಂದಲ್ಲ, ಮೂರು ನಾಲ್ಕು ಇವೆ. ಆದರೆ ಎಲ್ಲವೂ ಒಳ್ಳೆಯ ಮನಸ್ಸಿನಿಂದ ಮಾಡಿದವು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಬಾಯಿಗೆ ಗಾಳ ಬಿದ್ದ ಮೀನು ಮೂಗುದಾರ ಹಾಕಿದ ಎತ್ತಿದ್ದ ಹಾಗೆ. ದಾರ ಎತ್ತ ಎಳೆದರೆ ತಲೆ ಅತ್ತ ತಿರುಗುತ್ತದೆ. ಅದೇ ಎತ್ತಿಗೆ ಸೊಂಟಕ್ಕೆ ಹಗ್ಗ ಕಟ್ಟಿ ಎಳೆದು ನೋಡಿ! ಪಕ್ಕೆಗೆ ಗಾಳ ಬಿದ್ದ ಮೀನಿಗೆ ತಲೆ ಸ್ವತಂತ್ರ. ಮೈ ಹೊಳೆಯ ಸೆಳೆತಕ್ಕೆ ಅಡ್ಡ ಹಿಡಿದ ಹಲಗೆಯಂತಾಗುತ್ತದೆ. ಮೂರು ಕೆಜಿಯ ಮೀನು ಆರು ಕೆಜಿಯದರಂತೆ ಎಳೆಯುತ್ತದೆ. ನಾವು ‘ಆಹಾ, ದೊಡ್ಡದು’ ಅಂತ ಖುಷಿಪಡುತ್ತೇವೆ. ಮೀನಿನ ಮಾಂಸಖಂಡದಲ್ಲಿ ಅಷ್ಟೂ ಹೊತ್ತು ಲ್ಯಾಕ್ಟಿಕ್ ಆಮ್ಲ ತುಂಬುತ್ತಿರುತ್ತದೆ. ಸಾಲದ್ದಕ್ಕೆ, ಅಡ್ಡಡ್ಡ ಅಥವಾ ಬಾಲದ ಕಡೆಯಿಂದ ಎಳೆಸಿಕೊಳ್ಳುವ ಮೀನಿಗೆ ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಹೋಗುವ ದಾರಿ ತಪ್ಪುತ್ತದೆ. ಓಡುತ್ತಿರುವವನ ಮೂಗು ಮುಚ್ಚಿದ ಹಾಗೆ.

ಮೈಗಾಳ ಬಿದ್ದದ್ದು ಮೀನು ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ. ಬಾಯಿಗೆ ಬಿದ್ದರೆ ಮೀನು ತಲೆ ಒದರುವುದು ಕೋಲಿನಲ್ಲಿ ‘ಟಕ್ ಟಕ್’ ಅಂತ ತಿಳಿಯುತ್ತದೆ. ಮೈಗೆ ಬಿದ್ದರೆ ಆ ಬಡಿತ ಇರುವುದಿಲ್ಲ, ಭಾರವಾದ ಏನೋ ಅಡ್ಡಕ್ಕೆ ಜಾರಿದಂತಿರುತ್ತದೆ. ಹಾಗನ್ನಿಸಿದ ತಕ್ಷಣ ಆಟ ಮುಗಿಯಿತು ಅಂದುಕೊಳ್ಳಿ. ಅಲ್ಲಿಂದ ಮುಂದೆ ಅದು ಶಿಕಾರಿಯಲ್ಲ, ಬಿಡಿಸುವ ಕೆಲಸ. ನಿಂತಲ್ಲೇ ನಿಂತು ಸೆಳೆತದ ವಿರುದ್ಧ ಎಳೆಯಬೇಡಿ. ದಡದಲ್ಲೇ ಕೆಳಕ್ಕೆ ನಡೆದು ಮೀನಿನ ಸಮಕ್ಕೆ ಬನ್ನಿ, ಸೆಳೆತ ಇಲ್ಲದ ಮಡುವಿನ ಅಂಚಿಗೆ ಅದನ್ನು ತನ್ನಿ. ದಾರ ಗಟ್ಟಿ ಇದ್ದರೆ ಬೇಗ ಬೇಗ ಸುತ್ತಿ. ಐದು ನಿಮಿಷದಲ್ಲಿ ಬರುವ ಲಕ್ಷಣ ಇಲ್ಲವಾದರೆ ಕೋಲನ್ನು ಮೀನಿನ ಕಡೆಗೆ ನೇರ ಚಾಚಿ, ರೀಲ್ ಬಿಗಿ ಹಿಡಿದು ಹಿಂದೆ ಸರಿಯಿರಿ. ಎಷ್ಟೋ ಸಲ ಗಾಳ ತಾನಾಗಿ ಕಳಚಿಕೊಳ್ಳುತ್ತದೆ, ಇಲ್ಲದಿದ್ದರೆ ದಾರ ಗಂಟಿನ ಹತ್ತಿರ ಹರಿಯುತ್ತದೆ. ಸ್ಪಿನ್ನರ್ ಹೋಗುತ್ತದಲ್ಲ ಅಂತ ಕೇಳಬೇಡಿ. ಆ ಮಾತಿಗೆ ಮುಂದಿನ ಪತ್ರದಲ್ಲಿ ಬರುತ್ತೇನೆ.

ಇನ್ನು ಬಂಡೆ ಮತ್ತು ಟವೆಲು. ಮೀನು ಕೈಯಿಂದ ಜಾರುತ್ತದಲ್ಲ, ಆ ಲೋಳೆ ಅದರ ರೇನ್‌ಕೋಟು. ಒಣ ಟವೆಲಿನಲ್ಲಿ ಒತ್ತಿ ಹಿಡಿದರೆ, ಬಿಸಿ ಬಂಡೆಯ ಮೇಲೆ ಮಲಗಿಸಿದರೆ ಅದು ಸುಲಿದುಹೋಗುತ್ತದೆ. ಲೋಳೆ ಹೋದ ಜಾಗಕ್ಕೆ ಕೆಲವು ದಿನದಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಹಿಡಿಯುತ್ತದೆ. ಗಾಳದ ಗಾಯ ವಾಸಿಯಾದರೂ ಬೂಷ್ಟಿನಿಂದ ಸಾಯುವುದು ಉಂಟು. ಆದ್ದರಿಂದ ಕೈ ಒದ್ದೆ ಮಾಡಿಕೊಳ್ಳಿ. ನೀವೇ ಮೊಣಕಾಲುದ್ದ ನೀರಿಗೆ ಇಳಿಯಿರಿ, ಮೀನನ್ನು ಮೇಲೆ ತರಬೇಡಿ. ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ, ತೊಟ್ಟಿಲ ಮಗುವನ್ನು ಎತ್ತುವ ಹಾಗೆ ಅಡ್ಡಲಾಗಿ. ಕಿವಿರಿನೊಳಗೆ ಬೆರಳು ಹಾಕಿ ತೂಗುಹಾಕುವುದು ಸಂತೆಯಲ್ಲಿ ಸರಿ, ಬಿಡುವ ಮೀನಿಗೆ ಅಲ್ಲ.

ಅರಿಶಿನದ ವಿಷಯಕ್ಕೆ ನನಗೆ ನಗು ಬಂತು, ಕೂಡಲೇ ಸಂಕಟವೂ ಆಯಿತು. ನಮ್ಮ ಮನೆಗಳಲ್ಲಿ ಮೊಣಕಾಲು ತರಚಿದರೆ ಮೊದಲು ಬರುವುದು ಅದೇ ಡಬ್ಬಿ ತಾನೆ. ಮೀನಿಗೆ ಹಚ್ಚಿದ ಅರಿಶಿನ ನೀರಿಗೆ ಬಿಟ್ಟ ಮರುಗಳಿಗೆ ತೊಳೆದುಹೋಗುತ್ತದೆ. ಕೊಂದದ್ದು ಅರಿಶಿನವಲ್ಲ, ಅದು ಮನೆಯಿಂದ ಬರುವವರೆಗಿನ ಹೊತ್ತು. 1992ರಲ್ಲಿ ಕೆನಡಾದಲ್ಲಿ ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಇಬ್ಬರು ರೇನ್‌ಬೋ ಟ್ರೌಟ್ ಮೀನುಗಳನ್ನು ಸುಸ್ತಾಗುವವರೆಗೆ ಓಡಿಸಿ ಒಂದು ಪರೀಕ್ಷೆ ಮಾಡಿದರು. ಓಡಿಸಿ ನೀರಲ್ಲೇ ಬಿಟ್ಟವುಗಳಲ್ಲಿ ಸತ್ತದ್ದು ನೂರಕ್ಕೆ 12. ಓಡಿಸಿದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಇಟ್ಟವುಗಳಲ್ಲಿ 38. ಒಂದು ನಿಮಿಷ ಇಟ್ಟವುಗಳಲ್ಲಿ 72. ನಮ್ಮ ಬಿಳಿ ಮೀನು ಟ್ರೌಟ್ ಅಲ್ಲ, ಲೆಕ್ಕ ಹಾಗೇ ಕೂರುವುದಿಲ್ಲ. ಆದರೆ ಟ್ರೌಟಿನ ತಣ್ಣೀರು ನಮ್ಮ ಏಪ್ರಿಲ್ ಹೊಳೆಯಲ್ಲಿ ಎಲ್ಲಿದೆ? ನೀರು 20 ಡಿಗ್ರಿ ಇದ್ದಾಗ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, 30 ಡಿಗ್ರಿಗೆ ಏರಿದರೆ ಏಳೂವರೆ. ಕಾಫಿ ಹೂ ಅರಳಿಸುವ ಬ್ಲಾಸಂ ಮಳೆ ಬೀಳದೆ ಹೊಳೆ ಮಡು ಮಡುವಾಗಿ ನಿಂತ ವರ್ಷ ನಾನು ಕೋಲನ್ನು ಅಟ್ಟದಿಂದ ಇಳಿಸುವುದೇ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಲ್ಪಿಂಗ್ ನೀರು ಹೊಳೆ ಸೇರುವ ತಿಂಗಳುಗಳಲ್ಲೂ ಹಾಗೆಯೇ. ಕಾಫಿ ಹಣ್ಣಿನ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕ ತಿಂದುಬಿಡುತ್ತದೆ. ತೋಟದಲ್ಲಿ ಕೆಲಸ ಮಾಡಿದವನೇ ಇದನ್ನು ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೆಕ್ಕಕ್ಕೆ ನನ್ನದೊಂದು ಸುಲಭ ವಿಧಾನ ಇದೆ: ಮೀನು ನೀರಿಂದ ಮೇಲೆ ಬಂದ ಕೂಡಲೇ ನೀವೂ ಉಸಿರು ಬಿಗಿ ಹಿಡಿಯಿರಿ. ಹತ್ತು ಎಣಿಸುವುದರೊಳಗೆ ಅದು ಮತ್ತೆ ನೀರಿಗೆ. ಫೋಟೋ ಬೇಕಿದ್ದರೆ ಆ ಹತ್ತರಲ್ಲೇ.

ಬಿಡುವಾಗ ನೀರಿಗೆ ಎಸೆಯಬೇಡಿ. ಮೂತಿ ಹೊಳೆ ಬರುವ ದಿಕ್ಕಿಗೆ ಮಾಡಿ ಮೆಲ್ಲಗೆ ಹಿಡಿದುಕೊಂಡಿರಿ. ಹಿಂದೆ ಮುಂದೆ ಆಡಿಸಿ ‘ಉಸಿರು ಕೊಡುವ’ ರೂಢಿ ಕೆಲವರಿಗಿದೆ, ನನಗೂ ಇತ್ತು. ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ಉಲ್ಟಾ ನುಗ್ಗುತ್ತದೆ. ಸುಮ್ಮನೆ ಹಿಡಿದರೆ ಸಾಕು, ಉಳಿದದ್ದು ಹೊಳೆ ನೋಡಿಕೊಳ್ಳುತ್ತದೆ. ಮೀನು ತಾನೇ ಬಾಲ ಬೀಸಿ ನಿಮ್ಮ ಕೈ ಒದ್ದು ಹೋಗಬೇಕು. ಅದಕ್ಕೆ ಎರಡು ನಿಮಿಷ ಆಗಬಹುದು, ಹತ್ತೂ ಆಗಬಹುದು. ನಿಮ್ಮ ಮೀನು ಹೊಟ್ಟೆ ಮೇಲಾದಾಗ ಅದನ್ನು ಮತ್ತೆ ಹಿಡಿದು ನೇರ ನಿಲ್ಲಿಸಿ ಕಾಯಬಹುದಿತ್ತು. ಹೊಟ್ಟೆ ಮೇಲಾದದ್ದೆಲ್ಲ ಸತ್ತದ್ದಲ್ಲ.

ಇದೇ ಕಾವೇರಿ ಕೊಳ್ಳದ ಕಬಿನಿಯಲ್ಲಿ 1946ರಲ್ಲಿ 120 ಪೌಂಡಿನ, ಅಂದರೆ 54 ಕೆಜಿಯ ಬಿಳಿ ಮೀನು ಗಾಳಕ್ಕೆ ಬಿದ್ದಿತ್ತು. ಗೂನು ಬೆನ್ನಿನ ಆ ಜಾತಿ ಕಾವೇರಿ ಕೊಳ್ಳ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು, ಟಾರ್ ರೆಮಾದೇವಿ, ಅಂತ ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿದೆ ಅಂತ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಗೂ ಸೇರಿತು. ಈಗ ಹೊಳೆಯಲ್ಲಿ ಹೆಚ್ಚು ಸಿಗುವುದು ನೀಲಿ ರೆಕ್ಕೆಯದು. ಅದು ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ ಇಲ್ಲಿಗೆ ತಂದು ಬಿಟ್ಟ ವಂಶ. ನಿಮ್ಮ ಮಗನ ಮೀನು ಯಾವುದು ಅಂತ ಪತ್ರದಲ್ಲಿ ತಿಳಿಯುವುದಿಲ್ಲ. ಅವನಿಗೆ ನನ್ನ ಕಡೆಯಿಂದ ಒಂದು ಸಣ್ಣ ಇಕ್ಕಳ ಕೊಡಿಸಿ. ಯಾಕೆಂದು ಕೆಳಗೆ ಇದೆ.

ಪ್ರಶ್ನೆ: ಗಾಳ ಕೀಳಬೇಕೋ, ದಾರ ಕತ್ತರಿಸಿ ಬಿಡಬೇಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಓದುಗರು, ಕುಶಾಲನಗರ

ಉತ್ತರ: ಎಲ್ಲಿ ಚುಚ್ಚಿದೆ ಅನ್ನುವುದರ ಮೇಲೆ. ಬೆನ್ನಿನ ದಪ್ಪ ಮಾಂಸ, ಬಾಲದ ಬುಡ, ಈಜುರೆಕ್ಕೆಯ ಅಂಚು: ಇಲ್ಲಿದ್ದರೆ ನೀರೊಳಗೇ ಇಕ್ಕಳದಲ್ಲಿ ಗಾಳದ ಕಾಂಡ ಹಿಡಿದು, ಒಳಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆಯಿರಿ. ಮೊನೆ ಆಚೆ ಕಡೆ ಚರ್ಮ ತೂರಿ ಕಾಣುತ್ತಿದ್ದರೆ ಗಾಳದ ಮೊನೆಯ ಹಿಂದಿನ ಮುಳ್ಳನ್ನು ಕತ್ತರಿಸಿ ಹಿಂದೆ ಜಾರಿಸುವುದು ಇನ್ನೂ ಸುಲಭ. ಹೊಟ್ಟೆ, ಕಣ್ಣು, ಕಿವಿರು: ಇಲ್ಲಿದ್ದರೆ ಕೀಳಲು ಹೋಗಬೇಡಿ. ಗಾಳದ ಹತ್ತಿರಕ್ಕೆ, ಬೆರಳಗಲವೂ ಉಳಿಯದ ಹಾಗೆ ದಾರ ಕತ್ತರಿಸಿ ಬಿಡಿ. ಉದ್ದ ದಾರ ಬಿಟ್ಟರೆ ಅದು ಬೇರಿಗೋ ಕಲ್ಲಿಗೋ ಸುತ್ತಿಕೊಳ್ಳುತ್ತದೆ. ಗಂಟಲಲ್ಲಿ ನುಂಗಿದ ಗಾಳಕ್ಕೂ ಇದೇ ಮಾತು. ಒಳಗೆ ಉಳಿದ ಗಾಳವನ್ನು ಎಷ್ಟೋ ಮೀನು ದಿನ ಕಳೆದಂತೆ ಹೊರಹಾಕುತ್ತವೆ. ಒಳಗಿನಿಂದ ಹರಿದು ತೆಗೆದ ಗಾಯಕ್ಕೆ ಮಾತ್ರ ಮದ್ದಿಲ್ಲ. ಮಾಮೂಲಿ ಉಕ್ಕಿನ ಗಾಳ ತುಕ್ಕು ಹಿಡಿದು ಸವೆಯುತ್ತದೆ. ಸ್ಟೇನ್‌ಲೆಸ್ ಗಾಳ ವರ್ಷಗಟ್ಟಲೆ ಹಾಗೇ ಕೂರುತ್ತದೆ, ಅದನ್ನು ಕೊಳ್ಳಬೇಡಿ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. 1986ರ ನವೆಂಬರ್. ಮಸ್ಕತ್ತಿನಿಂದ ಬಂದ ಭಾವ ಒಂದು ಡಬ್ಬಿ ಗಾಳ ತಂದುಕೊಟ್ಟಿದ್ದರು, ಹೊಳೆಯುವಂಥವು. ಹನ್ನೆರಡರಲ್ಲಿ ಹನ್ನೊಂದು ಕಳೆದು ಒಂದು ಉಳಿದಿತ್ತು. ಅದು ಒಂದು ಬಿಳಿ ಮೀನಿನ ಹೊಟ್ಟೆಗೆ ಬಿತ್ತು. ನನಗೆ ಆ ಗಾಳ ಬಿಡಲು ಮನಸ್ಸಾಗಲಿಲ್ಲ. ತಿರುಗಿಸಿದೆ, ಎಳೆದೆ, ಕೊನೆಗೆ ಹರಿದೇ ತೆಗೆದೆ. ಮೀನು ಈಜಿಕೊಂಡೇ ಹೋಯಿತು, ಚೆನ್ನಾಗಿಯೇ ಹೋಯಿತು. ಗಾಳ ಒರೆಸಿ ಡಬ್ಬಿಗೆ ಹಾಕಿದೆ. ಮೂರನೆಯ ದಿನ ತೋಟದ ಪಂಪ್ ಮನೆಯ ಕೆಳಗಿನ ಮಡುವಿನಲ್ಲಿ ಒಂದು ಬಿಳಿ ಮೀನು ತೇಲುತ್ತಿತ್ತು. ಹೊಟ್ಟೆಯಲ್ಲಿ ನಾಲ್ಕು ಬೆರಳಷ್ಟು ಸೀಳು. ಮೇಸ್ತ್ರಿ ನೋಡಿ ‘ನೀರುನಾಯಿ ಕಚ್ಚಿದ್ದು ಸ್ವಾಮಿ’ ಅಂದ. ನಾನು ‘ಹೌದು’ ಅಂದೆ.

ಈಗ ಅಂಗಡಿಯಲ್ಲಿ ನನಗೆ ಬೇಕಾದ ಗಾಳಕ್ಕೆ 12 ರೂಪಾಯಿ. ಆ ಮೀನು ಅಷ್ಟು ದೊಡ್ಡದಾಗಲು ಎಷ್ಟು ಮಳೆಗಾಲ ಹಿಡಿದಿತ್ತೋ ಲೆಕ್ಕ ಹಾಕಿ. ಹಾಜರಿ ಪುಸ್ತಕ ಬರೆದವನಿಗೆ ಈ ಲೆಕ್ಕ ಬರಬೇಕಿತ್ತು, ಆಗ ಬರಲಿಲ್ಲ.

ಇಕ್ಕಳ ಯಾಕೆ ಅಂದೆನಲ್ಲ. ಹೊಸ ಗಾಳ ತಂದ ದಿನವೇ ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಬಿಡಿ. ಸ್ಪಿನ್ನರಿಗೆ ಬರುವ ಮೂರು ಮೊನೆಯ ಗಾಳ ಕಳಚಿ ಒಂಟಿ ಗಾಳ ಹಾಕಿ. ಮೂರು ಮೊನೆ ಇದ್ದರೆ ಒಂದು ಪಕ್ಕೆಗೆ ಬಿದ್ದಾಗ ಇನ್ನೊಂದು ಕಣ್ಣಿಗೋ ನಿಮ್ಮ ಹೆಬ್ಬೆರಳಿಗೋ ಕಾಯುತ್ತಿರುತ್ತದೆ. ಮುಳ್ಳಿಲ್ಲದ ಗಾಳದಲ್ಲಿ ಮೀನು ತಪ್ಪಿಸಿಕೊಳ್ಳುವುದಿಲ್ಲವೇ ಅಂತ ಕೇಳುತ್ತಾರೆ. ದಾರ ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ. ಸಡಿಲ ಬಿಡುವವರಿಗೆ ಅದು ಶಿಕ್ಷೆ ಅಂದುಕೊಳ್ಳಿ.

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಕಡೆ ಕೆಲವು ಹುಡುಗರು ಕಿಂಡಿ ಅಣೆಯ ಕೆಳಗೆ ತುದಿಗೆ ಸೀಸ ಕಟ್ಟಿದ ದೊಡ್ಡ ಮೂರು ಮೊನೆಯ ಗಾಳ ಎಸೆದು ಬರಸೆಳೆಯುತ್ತಾರೆ. ಎರೆ ಏನೂ ಇಲ್ಲ. ಮೀನು ಎಲ್ಲಿಗಾದರೂ ಚುಚ್ಚಿಕೊಂಡು ಬರುತ್ತದೆ. ಕೇಳಿದರೆ ‘ಇದಕ್ಕೂ ಕೈಚಳಕ ಬೇಕು ಅಂಕಲ್’ ಅನ್ನುತ್ತಾರೆ. ನೀವೇನಂತೀರಿ?
— ಓದುಗರು, ಸೋಮವಾರಪೇಟೆ

ಉತ್ತರ: ಜೇಬು ಕತ್ತರಿಸಲೂ ಕೈಚಳಕ ಬೇಕು.

ಅಣೆಯ ಕೆಳಗೆ ಆ ಹೊತ್ತಿಗೆ ಒತ್ತೊತ್ತಾಗಿ ನಿಂತಿರುವುದು ಹತ್ತುಮೀನು, ಮೊಟ್ಟೆ ಇಡಲು ಮೇಲಕ್ಕೆ ಏರುತ್ತಿರುವವು. ಹೊಟ್ಟೆ ತುಂಬ ಮೊಟ್ಟೆ, ಮುಂದೆ ಸಿಮೆಂಟ್ ಗೋಡೆ. ಒಂದು ಚುಚ್ಚಿಕೊಂಡು ಬಂದರೆ ಮೂರು ಹರಿದುಕೊಂಡು ಹೋಗುತ್ತವೆ, ಆ ಮೂರು ಯಾರ ಲೆಕ್ಕಕ್ಕೂ ಇಲ್ಲ. ಗಾಳದ ದಾಖಲೆಗಳನ್ನು ಇಡುವ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಬೇಕೆಂದೇ ಮೈಗೆ ಚುಚ್ಚಿ ಹಿಡಿದ ಮೀನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಡುಗರ ಜೊತೆ ಜಗಳಕ್ಕೆ ಹೋಗಬೇಡಿ. ಪಂಚಾಯಿತಿಯವರನ್ನು, ಮೀನುಗಾರಿಕೆ ಇಲಾಖೆಯವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ನಾಗರಹೊಳೆಯಂಥ ರಕ್ಷಿತ ಕಾಡಿನೊಳಗಾದರೆ 1972ರ ವನ್ಯಜೀವಿ ಕಾಯ್ದೆ ಇದೆ, ಅಲ್ಲಿ ಎರೆ ಹಾಕಿದ ಗಾಳವೂ ಅಪರಾಧವೇ.

ಪ್ರಶ್ನೆ: ನಮ್ಮ ಯಜಮಾನರು ಬಾಯಿಗೆ ಗಾಳ ಬಿದ್ದ ಮೀನನ್ನು ಮನೆಗೆ ತರುತ್ತಾರೆ, ಮೈಗೆ ಬಿದ್ದದ್ದನ್ನು ಬಿಟ್ಟು ಬರುತ್ತಾರೆ. ಮಸಾಲೆ ಅರೆದು ಕೂತ ನನಗೆ ಬರಿಗೈ ತೋರಿಸಿ ‘ಅದು ನನ್ನದಲ್ಲ’ ಅನ್ನುತ್ತಾರೆ. ಇದು ಯಾವ ಶಾಸ್ತ್ರ? ಅಂಥ ಮೀನು ತಿಂದರೆ ಏನಾದರೂ ಆಗುತ್ತದೆಯೇ?
— ಒಬ್ಬ ಗೃಹಿಣಿ, ವಿರಾಜಪೇಟೆ

ಉತ್ತರ: ತಿಂದರೆ ಏನೂ ಆಗುವುದಿಲ್ಲ ಅಕ್ಕಾ. ಗಾಳ ಬಾಯಿಗೆ ಬಿದ್ದರೂ ಬಾಲಕ್ಕೆ ಬಿದ್ದರೂ ಸಾರಿಗೆ ಹಾಕುವ ನಮ್ಮ ಕೊಡಗಿನ ಹುಳಿ ಕಾಚಂಪುಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಿಮ್ಮ ಯಜಮಾನರ ಶಾಸ್ತ್ರ ಮಾತ್ರ ನನಗೆ ಅರ್ಥವಾಗುತ್ತದೆ. ಎರೆ ಕಂಡು, ನಂಬಿ, ಬಾಯಿ ಹಾಕಿದ ಮೀನು ಮೋಸ ಹೋಯಿತು, ಅದು ಗಾಳ ಹಾಕಿದವನ ಪಾಲು. ದಾರಿಯಲ್ಲಿ ಹೋಗುತ್ತಿದ್ದ ಮೀನಿಗೆ ಚುಚ್ಚಿದರೆ ಅದು ಅವನ ಜಾಣತನಕ್ಕೆ ಬಿದ್ದದ್ದಲ್ಲ. ನಾನೂ ಇದೇ ಗುಂಪಿನವನು. ಆದರೆ ಒಂದು ತಿದ್ದುಪಡಿ ಅವರಿಗೆ ಓದಿ ಹೇಳಿ: ಕಿವಿರಿನಿಂದ ರಕ್ತ ಸುರಿಯುತ್ತಿರುವ ಮೀನು, ಹೊಟ್ಟೆ ಸೀಳಿದ ಮೀನು ಬಿಟ್ಟರೂ ಬದುಕುವುದಿಲ್ಲ. ಇಟ್ಟುಕೊಳ್ಳಲು ಅನುಮತಿ ಇರುವ ಜಾಗದಲ್ಲಿ, ಬಿಳಿ ಮೀನಲ್ಲದಿದ್ದರೆ, ಅದನ್ನು ತಲೆಗೆ ಒಂದೇ ಪೆಟ್ಟು ಹಾಕಿ ಮನೆಗೆ ತರುವುದೇ ದಯೆ. ‘ನನ್ನದಲ್ಲ’ ಅಂತ ಸಾಯುವುದನ್ನು ಹೊಳೆಗೆ ಬಿಟ್ಟು ಕೈ ತೊಳೆದುಕೊಳ್ಳುವುದು ಶಾಸ್ತ್ರವಲ್ಲ. ಹಾಗಾದರೂ ನೀವು ಅರೆದ ಮಸಾಲೆ ಕೆಲವು ಸಲ ಉಳಿಯುತ್ತದೆ.

ಪ್ರಶ್ನೆ: ಹಾರಂಗಿ ಹಿನ್ನೀರಿನಲ್ಲಿ ಜಿಲೇಬಿ (ತಿಲಾಪಿಯಾ) ಮೀನಿನ ಮೈಗೆ ಗಾಳ ಬಿದ್ದರೆ?
— ಓದುಗರು, ಗುಡ್ಡೆಹೊಸೂರು

ಉತ್ತರ: ಬಾಣಲೆ. ಆಫ್ರಿಕಾ ಮೂಲದ ಮೀನು ಅದು, ನಮ್ಮ ದೇಶಕ್ಕೆ 1952ರಲ್ಲಿ ಬಂತು. ಆಮೇಲೆ ನಮ್ಮ ಮೀನುಗಳ ಜಾಗ, ಊಟ ಎರಡನ್ನೂ ಹಿಡಿದುಕೊಂಡಿದೆ. ಗುತ್ತಿಗೆ, ಲೈಸೆನ್ಸ್ ಏನಿದೆ ವಿಚಾರಿಸಿಕೊಂಡು ಹಿಡಿಯಿರಿ. ಹಿಡಿದ ಮೇಲೆ ಬಿಡುವ ಮಾತು ಬೇಡ.

ಪ್ರಶ್ನೆ: ಗಾಳ ತಾತ, ನಾನು ಏಳನೇ ಕ್ಲಾಸ್. ಬಿಟ್ಟ ಮೀನಿಗೆ ಗಾಳ ನೆನಪಿರುತ್ತಾ? ಅದು ಮತ್ತೆ ಸಿಗುತ್ತಾ?
— ಸುಂಟಿಕೊಪ್ಪದಿಂದ ಒಬ್ಬ ಹುಡುಗ

ಉತ್ತರ: ತಮ್ಮಾ, ಈ ಸಲದ ಪತ್ರಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ನಿನ್ನದೇ.

ನೆನಪಿರುತ್ತದೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಬ್ಯೂಕೆಮಾ ಎಂಬುವರು ಕೊಳಗಳಲ್ಲಿ ಗೆಂಡೆ ಜಾತಿಯ ಮೀನು ಬಿಟ್ಟು, ಗಾಳ ಹಾಕಿ ಹಿಡಿದು ಬಿಟ್ಟು ನೋಡಿದರು. ಅದನ್ನು ಪ್ರಕಟಿಸಿದ್ದು 1970ರಲ್ಲಿ. ಒಂದೇ ಸಲ ಗಾಳಕ್ಕೆ ಬಿದ್ದ ಮೀನುಗಳು ಆಮೇಲೆ ಗಾಳಕ್ಕೆ ಬರುವುದು ಬಹಳ ಕಡಿಮೆಯಾಯಿತು, ಒಂದು ವರ್ಷ ಕಳೆದ ಮೇಲೂ. ಒಂದೇ ಪಾಠಕ್ಕೆ ವರ್ಷವಿಡೀ ನೆನಪು! ನಿನ್ನ ಲೆಕ್ಕದ ಮೇಷ್ಟ್ರಿಗೆ ಹೇಳಬೇಡ.

ಮತ್ತೆ ಸಿಗುತ್ತಾ ಅಂದೆಯಲ್ಲ. ಬಾಲದ ಮೇಲಿನ ತುದಿ ಅರ್ಧ ಹರಿದ ಒಂದು ಬಿಳಿ ಮೀನು ನಮ್ಮ ತೋಟದ ಕೆಳಗೆ ಇತ್ತು. ಹರಿದದ್ದು ನನ್ನ ಗಾಳದಿಂದಲೇ, ಮೈಗಾಳ. ಆ ಸಲ ನೀರಲ್ಲೇ ಬಿಡಿಸಿ ಬಿಟ್ಟಿದ್ದೆ. ಆಮೇಲೆ ಎರಡು ಬೇಸಿಗೆ, ನೀರು ತಿಳಿಯಾದಾಗೆಲ್ಲ, ಹೊಳೆಗೆ ಬಾಗಿದ ಹೊಂಗೆ ಮರದ ಕೆಳಗೆ ಅದು ನಿಂತಿರುವುದು ಕಾಣುತ್ತಿತ್ತು. ರಾಗಿ ಉಂಡೆ ಹಾಕಿದೆ. ಎರೆಹುಳು ಹಾಕಿದೆ. ಏಡಿ ಹಾಕಿದೆ. ಹತ್ತಿರ ಬಂದು ನೋಡುತ್ತಿತ್ತು, ಸುತ್ತು ಹಾಕಿ ವಾಪಸ್ ಹೋಗುತ್ತಿತ್ತು. ಗಾಳ ಇಲ್ಲದ ಬರೀ ಉಂಡೆ ಎಸೆದರೆ ಮಾತ್ರ ತಿನ್ನುತ್ತಿತ್ತು.